ಅವರು ಬರೆದ ನನ್ನ ಹೆಸರು

"ನಿಮ್ಮ ಹೆಸರನ್ನ ನಿಮ್ಮ ಅಕ್ಷರದಲ್ಲೇ ಬರೆದು ತೋರ್ಸಿ, ನೋಡ್ಕೊಂಡು ಬರೀತೀನಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ಆ ಹಿರಿಯ ಲೇಖಕಿ ಪೆನ್ನನ್ನು ನನ್ನ ಕೈಗೇ ಕೊಟ್ಟುಬಿಟ್ಟರು. ನೆದರ್ಲೆಂಡ್ಸಿನಲ್ಲಿ ನಾನಿರುವ ಜೂಟರ್‌ಮೀರ್ ಊರಿನ ಲೈಬ್ರರಿಯಲ್ಲಿ ಮೂಲನಿವಾಸಿ ಲೇಖಕಿಯರು ತಮ್ಮ ಕಥೆ ಓದುವ ಕಾರ್ಯಕ್ರಮ ಆಗಷ್ಟೇ ಮುಗಿದಿತ್ತು. ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ಕಾಡಿನ ಕಡೆಯಿಂದ ಬಂದಿದ್ದ ಈ ಲೇಖಕಿಯ ಪುಸ್ತಕ ಕೊಂಡು, ಸಹಿಗಾಗಿ ಸಾಲಿನಲ್ಲಿ ನಿಂತಿದ್ದೆ.

ಚೀಟಿಯೊಂದರ ಮೇಲೆ 'ಪುಷ್ಪಾ' ಎಂದು ಬರೆದೆ. ಅವರು ಅದರ ಮೇಲೆ ಬೆರಳಾಡಿಸಿ, ರಂಗೋಲಿಯ ಎಳೆ ಎಳೆಯುವಷ್ಟು ನಿಧಾನವಾಗಿ ಪುಸ್ತಕದಲ್ಲಿ ಬರೆದರು. ಕೆಳಗಿನ ಒತ್ತನ್ನೂ ಬಿಡಲಿಲ್ಲ. "ನಮ್ಮ ಭಾಷೆಗೆ ಸ್ವಂತ ಅಕ್ಷರ ಇಲ್ಲ. ನಮ್ಮಜ್ಜಿ ಹೇಳಿದ ಕಥೆನೂ ಹೊರಗಿನವರ ಅಕ್ಷರದಲ್ಲೇ ಬರೀಬೇಕು. ನಿಮ್ಮನ್ನ ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ" ಎಂದು ನಕ್ಕು, ಆ ಚೀಟಿಯನ್ನು ಜೋಪಾನವಾಗಿ ಮಡಚಿ ತಮ್ಮ ಚೀಲಕ್ಕೆ ಸೇರಿಸಿದರು.

ಮನೆಯ ಕರೆಗಂಟೆಯ ಪಕ್ಕ, ಆಫೀಸಿನ ಬ್ಯಾಡ್ಜಿನಲ್ಲಿ, ಎಲ್ಲ ಕಡೆ ನನ್ನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇದೆ. ಈ ಊರಿನಲ್ಲಿ ಅದು ಕನ್ನಡದಲ್ಲಿರುವುದು ಆ ಒಂದು ಪುಟದಲ್ಲಿ ಮಾತ್ರ. ಇಲ್ಲೇ ಹುಟ್ಟಿ ಬೆಳೆದ ಮಗಳು ಮೊನ್ನೆ ಆ ಪುಟ ತೆರೆದು, "ಅಮ್ಮಾ, ಈ ಚಿತ್ರ ಯಾರು ಬಿಡಿಸಿದ್ದು?" ಎಂದು ಡಚ್ಚಿನಲ್ಲಿ ಕೇಳಿದಳು.