ಅಜ್ಜಿಯ ಇನ್ನೂರು ಬುಟ್ಟಿ ಗಿಡಗಳು

ನಮ್ಮ ಸೋದರಮಾವನಿಗೆ ಎಲ್ಲವನ್ನೂ ಸಾಲಾಗಿ ನಿಲ್ಲಿಸುವ ಹುಚ್ಚು. ಚಪ್ಪಲಿ, ಕೊಡ, ನೆಂಟರ ಮಕ್ಕಳು, ಯಾವುದನ್ನೂ ಬಿಟ್ಟವರಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದ ಕಾಲ. ಮೂರ್ನಾಡಿನ ಹತ್ತಿರವಿದ್ದ ಅವರ ಕಾಫಿ ನರ್ಸರಿ ನೋಡಲು ಮೈಸೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುತ್ತಾರೆ ಎಂದು ಸುದ್ದಿ ಬಂತು. ಮಾವ ನೆರಳಿನ ಚಪ್ಪರದಡಿ ಬುಟ್ಟಿಯಲ್ಲಿ ಬೆಳೆಸಿದ್ದ ಗಿಡಗಳನ್ನೆಲ್ಲ ಎತ್ತಿಸಿ, ಕುಳ್ಳನೆಯವು ಮುಂದೆ, ಎತ್ತರದವು ಹಿಂದೆ, ಶಾಲೆಯ ಗುಂಪು ಫೋಟೊಕ್ಕೆ ನಿಲ್ಲಿಸಿದ ಹಾಗೆ ಜೋಡಿಸಿಬಿಟ್ಟರು. ನೋಡಲು ಏನೋ ಚೆನ್ನಾಗಿಯೇ ಇತ್ತು. ಅಧಿಕಾರಿ ಬರಲೇ ಇಲ್ಲ.

ಮಾವ ಮಾಡಿದ ಎಡವಟ್ಟು ಆಮೇಲೆ ಗೊತ್ತಾಯಿತು. ಆ ನಾನೂರು ಚಿಲ್ಲರೆ ಬುಟ್ಟಿಗಳಲ್ಲಿ ಎರಡು ಬಗೆಯ ಗಿಡಗಳಿದ್ದವು. ಒಂದು ಹಳೆಯ ಜಾತಿ, ಎಲೆಗೆ ತುಕ್ಕು ರೋಗ ಬೇಗ ಹತ್ತುವಂಥದ್ದು. ಇನ್ನೊಂದು ಹೊಸ ತಳಿ, ರೋಗವನ್ನು ತಡೆದುಕೊಳ್ಳುವಂಥದ್ದು. ಹೊಸದು ಸ್ವಲ್ಪ ಕುಳ್ಳು, ಆದ್ದರಿಂದ ಎತ್ತರದ ಪ್ರಕಾರ ಜೋಡಿಸಿದರೆ ತಾವಾಗಿಯೇ ಬೇರೆಯಾಗುತ್ತವೆ ಎಂದು ಮಾವ ನಂಬಿದ್ದರು. ಹಳೆಯದರಲ್ಲೂ ಕುಳ್ಳನೆಯವು ಇದ್ದವು, ಹೊಸದರಲ್ಲೂ ಉದ್ದದವು ಇದ್ದವು. ಎಲ್ಲ ಬೆರೆತು ಹೋಯಿತು.

ಇದರಿಂದ ನಿಜವಾಗಿ ಪೆಟ್ಟು ಬಿದ್ದದ್ದು ನರ್ಸರಿ ನೋಡಿಕೊಳ್ಳುತ್ತಿದ್ದ ಅಜ್ಜಿಗೆ. ಸ್ವಂತ ಅಜ್ಜಿಯಲ್ಲ, ಘಟ್ಟದ ಕೆಳಗಿನಿಂದ ಹುಡುಗಿಯಾಗಿ ಕೆಲಸಕ್ಕೆ ಬಂದವಳು, ನನ್ನ ಅಮ್ಮನನ್ನೂ ನನ್ನನ್ನೂ ಎತ್ತಿ ಆಡಿಸಿದವಳು. ಬಾಳೆಲೆ ಎಂಬ ಊರಿನ ಕಡೆ ಅವಳಿಗೆ ಒಂದು ತುಂಡು ಜಮೀನು ಮಂಜೂರಾಗಿತ್ತು. ಅದರಲ್ಲಿ ನೆಡಲು ಹೊಸ ತಳಿಯ ಇನ್ನೂರು ಗಿಡ ಕೊಡುತ್ತೇನೆಂದು ಮಾವ ಮಾತು ಕೊಟ್ಟಿದ್ದರು. ಹಿಂದೊಮ್ಮೆ ಅವಳು ಗೇಣಿಗೆ ಹಿಡಿದಿದ್ದ ತೋಟ ತುಕ್ಕು ಹತ್ತಿ, ಎಲೆಯೆಲ್ಲ ಉದುರಿ ಬರೀ ಕೋಲಾಗಿ ನಿಂತಿತ್ತಂತೆ. ಈಗ ತಪ್ಪು ಗಿಡ ನೆಟ್ಟರೆ ಅದು ತಿಳಿಯುವುದು ಮೂರು ವರ್ಷವಾದ ಮೇಲೆ.

"ಇನ್ನೊಂದು ಸಲ ಮೊದಲಿಂದ ಶುರು ಮಾಡುವಷ್ಟು ಆಯುಸ್ಸು ನಂಗೆಲ್ಲಿ ಉಂಟು ಮಗಾ?" ಎಂದಳು ಅಜ್ಜಿ. ಮೊದಲಾಗಿದ್ದರೆ ಒಂದು ನೋಟದಲ್ಲಿ ಬೇರೆ ಮಾಡುತ್ತಿದ್ದಳು. ಆಗ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆರಳಲ್ಲಿ ಎಲೆ ಮುಟ್ಟಿ ಹೇಳುತ್ತಿದ್ದಳು, ಆದರೆ ತನ್ನ ಬೆರಳನ್ನು ತಾನೇ ಪೂರ್ತಿ ನಂಬುತ್ತಿರಲಿಲ್ಲ.

ನಾನು ಅದೇ ತಾನೆ ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ ಮುಗಿಸಿ ಬಂದಿದ್ದೆ. ಮಡಿಕೇರಿಯ ಮನೆಗೆ ಬಂದವರೆಲ್ಲ, ಮೇಷ್ಟ್ರಾಗಿದ್ದ ಅಪ್ಪನ ಮುಂದೆಯೇ, "ಅದನ್ನು ಓದಿ ಎಂಥ ಮಾಡೋದು?" ಎಂದು ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು. ಸಿಟ್ಟು ಮಾಡಿಕೊಂಡು ಮಾವನ ಮನೆಗೆ ಬಂದು ಕೂತಿದ್ದೆ. ಸಿಕ್ಕಿತಲ್ಲ ಅವಕಾಶ ಎಂದು ಸೆರಗು ಬಿಗಿದೆ.

"ನಾನು ಬೇರೆ ಮಾಡಿ ಕೊಡ್ತೇನೆ ಮಾವ. ಇದಕ್ಕೆ ಡಿಸ್ಕ್ರಿಮಿನೆಂಟ್ ಅನಾಲಿಸಿಸ್ ಅಂತ ಒಂದು ವಿದ್ಯೆ ಇದೆ."

"ಮಾಡು ಮಾಡು. ಹೇಗೂ ಮಳೆ, ಹೊರಗೆ ಹೋಗಲಿಕ್ಕಿಲ್ಲ," ಎಂದರು ಮಾವ.

ವಿದ್ಯೆ ಕೇಳಲು ಸುಲಭ. ಯಾವ ಗಿಡ ಯಾವ ಜಾತಿ ಎಂದು ಖಚಿತವಾಗಿ ಗೊತ್ತಿರುವ ಎರಡು ಗುಂಪುಗಳನ್ನು ಮೊದಲು ಅಳೆಯಬೇಕು: ಎಲೆಯ ಉದ್ದ, ಎಲೆಯ ಅಗಲ, ಕಾಂಡದ ಎರಡು ಗಿಣ್ಣುಗಳ ನಡುವಿನ ಅಂತರ. ಯಾವ ಅಳತೆಗೆ ಎಷ್ಟು ತೂಕ, ಎಂದರೆ ಎಷ್ಟು ಮಹತ್ವ, ಕೊಟ್ಟು ಕೂಡಿ ಗಿಡಕ್ಕೊಂದು ಅಂಕ ಹಾಕಿದರೆ ಒಂದೇ ಗುಂಪಿನ ಅಂಕಗಳು ಹತ್ತಿರ ಉಳಿದು, ಎರಡು ಗುಂಪುಗಳು ದೂರ ಸರಿಯುತ್ತವೆ ಎಂದು ಲೆಕ್ಕ ಹಾಕಬೇಕು. ಆಮೇಲೆ ಗುರುತಿಲ್ಲದ ಗಿಡವನ್ನು ಅಳೆದು, ಅದೇ ತೂಕ ಹಾಕಿದರೆ, ಅದಕ್ಕೂ ಒಂದು ಅಂಕ ಬರುತ್ತದೆ. ನಡುವಿನ ಗೆರೆಯ ಆಚೆ ಬಿದ್ದರೆ ಹೊಸದು, ಈಚೆ ಬಿದ್ದರೆ ಹಳೆಯದು. ಎತ್ತರವೊಂದನ್ನೇ ನೋಡಿ ಮಾವ ಕೆಟ್ಟರು, ನಾನು ಮೂರನ್ನು ಒಟ್ಟಿಗೆ ನೋಡುತ್ತೇನೆ ಎಂದು ಒಳಗೊಳಗೇ ಬೀಗಿದೆ.

ಬುಟ್ಟಿಗೆ ಹಾಕಿ ಮಿಕ್ಕಿದ್ದ ಸಸಿಗಳು ಎರಡು ಉದ್ದನೆಯ ಪಾತಿಗಳಲ್ಲಿದ್ದವು, ಒಂದೊಂದು ಪಾತಿಯಲ್ಲಿ ಒಂದೊಂದು ಜಾತಿ. ಎರಡೂ ಪಾತಿಗಳ ಒಂದು ತುದಿ ಹಲಸಿನ ಮರದಡಿ, ಇನ್ನೊಂದು ತುದಿ ಬಯಲಿನಲ್ಲಿ. ಹಳೆಯ ಜಾತಿಯನ್ನು ಅಳೆಯುವ ದಿನ ಮಳೆ ಹೊಡೆಯುತ್ತಿತ್ತು, ನಾನು ಮರದಡಿಯ ತುದಿಯಲ್ಲಿ ಕೂತೆ. ಮರುದಿನ ಮಳೆ ಬಿಟ್ಟು ಹೊಳವಾಗಿತ್ತು. ಮರದಡಿಯ ಜಿಗಣೆಗಳಿಗೆ ಹೆದರಿ, ಹೊಸ ತಳಿಯನ್ನು ಬಯಲಿನ ತುದಿಯಲ್ಲಿ ಅಳೆದೆ. ಲಾಗರಿದಮ್ ಪುಸ್ತಕ ಇಟ್ಟುಕೊಂಡು ನಾಲ್ಕು ದಿನ ಗುಣಿಸಿದೆ, ಅಳಿಸಿದೆ, ಮತ್ತೆ ಗುಣಿಸಿದೆ. ಎರಡು ಗುಂಪುಗಳು ಎಷ್ಟು ಚೆಂದವಾಗಿ ಬೇರೆಯಾದವು ಎಂದರೆ ನನಗೆ ಕುಣಿಯುವಷ್ಟು ಖುಷಿಯಾಯಿತು. ಬುಟ್ಟಿಗಳನ್ನೆಲ್ಲ ಅಳೆದು, ಹೊಸದು ಎಂದು ಬಂದ ಇನ್ನೂರನ್ನು ಅಜ್ಜಿಯ ಮುಂದೆ ಇಟ್ಟೆ.

ಅಜ್ಜಿ ಒಂದರ ಎಲೆ ಸವರಿದಳು, ಇನ್ನೊಂದರದ್ದು ಸವರಿದಳು. ಹತ್ತಿಪ್ಪತ್ತು ಗಿಡ ಮುಟ್ಟುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಮಗಾ, ನೀನು ಜಾತಿ ಬೇರೆ ಮಾಡಿದ್ದಲ್ಲ. ಬಿಸಿಲು ಕಂಡದ್ದು ಒಂದು ಕಡೆ, ನೆರಳಲ್ಲಿದ್ದದ್ದು ಒಂದು ಕಡೆ ಮಾಡಿದ್ದಿ. ಇದೆಲ್ಲ ಚಪ್ಪರದ ಅಂಚಲ್ಲಿ ಬೆಳೆದ ಗಿಡ. ಎಲೆ ದಪ್ಪ, ಸಣ್ಣ. ನೆರಳಿಂದು ತೆಳು, ಅಗಲ. ನೀನು ಪಾತೀಲಿ ಎಲ್ಲಿ ಕೂತು ಅಳೆದೆ?"

ಹೇಳಿದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎರಡು ಗುಂಪುಗಳನ್ನೂ ಒಂದೇ ಥರದ ಜಾಗದಿಂದ ಆರಿಸಬೇಕು ಎಂಬ ಎಚ್ಚರಿಕೆಯನ್ನು ಪುಸ್ತಕದಲ್ಲಿ ನಾನೇ ಓದಿ, ಕೆಳಗೆ ಗೆರೆ ಕೂಡ ಎಳೆದಿದ್ದೆ. ಜಿಗಣೆ ಕಂಡ ಕೂಡಲೇ ಮರೆತಿದ್ದೆ.

ಮತ್ತೆ ಪಾತಿಗಿಳಿದೆ. ಈ ಸಲ ಎರಡು ಜಾತಿಯಲ್ಲೂ ನೆರಳಿನವು ಇಷ್ಟು, ಬಿಸಿಲಿನವು ಇಷ್ಟು ಎಂದು ಸಮವಾಗಿ ಆರಿಸಿದೆ. ಅಜ್ಜಿ ಮಳೆಗೆ ಎಲೆಯ ಗೊರಬೆ ಹೊದ್ದು ಪಕ್ಕದಲ್ಲೇ ಕೂತು ನನ್ನ ಕಾಲಿನ ಜಿಗಣೆಗಳಿಗೆ ಸುಣ್ಣ ಮುಟ್ಟಿಸಿ ಉದುರಿಸುತ್ತಿದ್ದಳು. ಹೊಸ ಲೆಕ್ಕದಲ್ಲಿ ಗುಂಪುಗಳು ಮೊದಲಿನಷ್ಟು ಚೆಂದವಾಗಿ ಬೇರೆಯಾಗಲಿಲ್ಲ, ನಡುವೆ ಸ್ವಲ್ಪ ಬೆರೆತೇ ಇದ್ದವು. ಈ ಸಲದ್ದು ಮಾತ್ರ ನಿಜವಾದ ಲೆಕ್ಕ.

ಮತ್ತೆ ಇನ್ನೂರು ಆರಿಸಿ ಇಟ್ಟೆ. ಅಜ್ಜಿ ಒಂದೊಂದನ್ನೂ ಮುಟ್ಟಿ ನೋಡಿದಳು. ಹೂಂ, ಹೂಂ ಎನ್ನುತ್ತಾ ಹೋದವಳು ಒಂಬತ್ತು ಬುಟ್ಟಿಗಳನ್ನು ಮಾತ್ರ ಆಚೆ ಇಟ್ಟಳು.

"ಇದು ಹಳೇದು ಅನ್ನುತ್ತೆ ನನ್ನ ಬೆರಳು."

"ನನ್ನ ಲೆಕ್ಕ ಹೊಸದು ಅನ್ನುತ್ತೆ," ಎಂದೆ. ಸುಮ್ಮನಿರಲು ನನಗೆ ಬರುವುದಿಲ್ಲ.

"ಹಾಗಾದ್ರೆ ಬಿಸಾಡೋದು ಬೇಡ. ಬಾಗಿಲ ಹತ್ತಿರ ಬೇರೆ ಸಾಲು ನೆಡ್ತೇನೆ. ಯಾರದ್ದು ಸರಿ ಅಂತ ಗಿಡವೇ ಹೇಳಲಿ."

ಮೂರು ವರ್ಷ ಕಳೆದು, ಮಳೆ ನಿಂತು, ಸುತ್ತಲಿನ ತೋಟಗಳಲ್ಲಿ ತುಕ್ಕು ಕಾಣಿಸಿಕೊಂಡಿದೆ ಎಂದು ಕೇಳಿದಾಗ ಬಾಳೆಲೆಯ ಬಸ್ಸು ಹತ್ತಿದೆ. ನನ್ನ ಲೆಕ್ಕ ತಪ್ಪಿದ್ದರೆ ಕೋಲಾಗಿ ನಿಲ್ಲುವುದು ಅವಳ ತೋಟ.

ಅಜ್ಜಿ ನನ್ನ ಭುಜ ಹಿಡಿದು ಗಿಡಗಳ ನಡುವೆ ನಡೆದಳು. ಕಣ್ಣು ಆಗ ಪೂರ್ತಿ ಮಂಜಾಗಿತ್ತು. ತುಕ್ಕು ಹತ್ತಿದ ಎಲೆಯ ಅಡಿಗೆ ಬೆರಳು ಉಜ್ಜಿದರೆ ಕಿತ್ತಳೆ ಬಣ್ಣದ ಪುಡಿ ಬರುತ್ತದೆ. ಅವಳು ಎಲೆ ಉಜ್ಜುವುದು, ಬೆರಳನ್ನು ನನ್ನ ಮುಖದ ಮುಂದೆ ಹಿಡಿಯುವುದು.

"ಬಣ್ಣ ಉಂಟಾ?"

"ಇಲ್ಲ."

"ಇದರಲ್ಲಿ?"

"ಇಲ್ಲ ಅಜ್ಜಿ."

ಸಾಲು ಸಾಲು ಮುಗಿಸಿದೆವು. ಮೂರು ಗಿಡಗಳಲ್ಲಿ ಮಾತ್ರ ಬಣ್ಣ ಬಂತು, ಅವು ನಾವಿಬ್ಬರೂ ಒಟ್ಟಿಗೆ ಏಮಾರಿದ್ದವು. ಉಳಿದದ್ದೆಲ್ಲ ಹಸಿರಾಗಿ, ರೆಂಬೆರೆಂಬೆಯಲ್ಲೂ ಕಾಯಿ ಹೊತ್ತು ನಿಂತಿತ್ತು. ನನಗೆ ಅಳು ಬಂತು, ಅವಳಿಗೆ ಕಾಣುವುದಿಲ್ಲವಲ್ಲ ಎಂದು ಧಾರಾಳವಾಗಿ ಅತ್ತೆ.

ಕೊನೆಗೆ ಬಾಗಿಲ ಹತ್ತಿರದ ಸಾಲಿಗೆ ಬಂದೆವು. ಒಂಬತ್ತರಲ್ಲಿ ಐದಕ್ಕೆ ತುಕ್ಕು, ನಾಲ್ಕು ಚೊಕ್ಕ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಐದು ನಂದು, ನಾಲ್ಕು ನಿಂದು," ಎಂದು ಅಜ್ಜಿ ಹಲ್ಲಿಲ್ಲದ ಬಾಯಿ ತುಂಬಾ ನಕ್ಕಳು. "ಒಂದು ಗಿಡದಲ್ಲಿ ಸೋತೆಯಲ್ಲ ಮಗಾ, ಅಷ್ಟು ಓದಿ!" ಕಿತ್ತಳೆ ಪುಡಿಯ ಬೆರಳಿನಲ್ಲಿ ನನ್ನ ಮುಖ ತಡವಿ, ಕೆನ್ನೆ ಒದ್ದೆಯಾಗಿರುವುದನ್ನು ಕಂಡುಹಿಡಿದು, ಏನೂ ಕೇಳದೆ ಆ ಬಣ್ಣವನ್ನು ನನ್ನ ಮೂಗಿನ ತುದಿಗೆ ಹಚ್ಚಿದಳು. ಬಸ್ಸಿನಲ್ಲಿ ಜನ ನೋಡಿ ನಕ್ಕರು. ಮಡಿಕೇರಿ ತಲುಪುವವರೆಗೂ ನಾನು ಅದನ್ನು ಒರೆಸಿಕೊಳ್ಳಲಿಲ್ಲ.