ಹೆಂಡಕ್ಕೆ ಒಡೆದ ಹಾಲು

ನಮ್ಮ ಸಿಂಧಘಟ್ಟದ ಬೆಟ್ಟಮ್ಮ ಜೀವಮಾನದಲ್ಲಿ ಒಂದು ಗುಟುಕು ಹೆಂಡ ಕುಡಿದವಳಲ್ಲ. ಆದರೆ ದಿನಾ ಬೆಳಿಗ್ಗೆ ಹೆಂಡದ ಮಡಕೆಗೆ ಬೆರಳದ್ದಿ, ನಾಲಿಗೆಗೆ ಮುಟ್ಟಿಸಿ, ಪಕ್ಕಕ್ಕೆ ಉಗಿದು, ಆಮೇಲೆಯೇ ಇವತ್ತು ಒಲೆಯ ಮೇಲೆ ಏನಿಡಬೇಕು ಅಂತ ತೀರ್ಮಾನ ಮಾಡುತ್ತಿದ್ದಳು. ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವರು ಒಕ್ಕಲಿಗರು, ನಾವು ಅಕ್ಕಸಾಲಿಗರು; ನನ್ನನ್ನು ಊರು ಕರೆಯುವುದು ಆಚಾರಮ್ಮ ಅಂತ. ಗೋಡೆಯ ಮೇಲೆ ನಾವಿಬ್ಬರೂ ಆಡದ ಮಾತಿಲ್ಲ.

ಅವಳ ಗಂಡ ಹೊನ್ನಪ್ಪ ತೆಂಗಿನಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ. ಜಮೀನು ಅವನ ಅಣ್ಣನ, ಅಂದರೆ ಅವಳ ಭಾವನ ಕೈಯಲ್ಲಿತ್ತು. ಕಾಳುಕಡ್ಡಿಗೆ ನಮ್ಮನೆಗೇ ಬಾ ಅಂತ ಭಾವ ಹೇಳಿದ್ದ. ಒಂದು ದಿನ ಹೋದಳು. ಮೊರ ಹಿಡಿದು ಬಾಗಿಲಲ್ಲಿ ನಿಂತಳು. ಒಳಗಿದ್ದವರು ಉಂಡು ಕೈ ತೊಳೆಯುವವರೆಗೂ ಅವಳನ್ನು ನಿಲ್ಲಿಸಿಯೇ ಇದ್ದರು. ಬರಿ ಮೊರ ಹಿಡಿದು ವಾಪಸು ಬಂದು ಗೋಡೆಯ ಹತ್ತಿರ ನಿಂತು ನನಗೆ ಹೇಳಿದಳು: "ಇನ್ನೊಂದ್ ಸಲ ಆ ಬಾಗ್ಲಲ್ಲಿ ಮೊರ ಹಿಡಿಯಾಕಿಲ್ಲ ಕಣ್ ಆಚಾರಮ್ಮ. ಹೆಂಡದಂಗ್ಡಿ ಮುಂದೆ ಒಲೆ ಹೂಡ್ತೀನಿ, ಊರು ಏನಾರ ಅನ್ಕೊಳ್ಲಿ."

ಊರು ಅಂದುಕೊಂಡಿತು, ಆಮೇಲೆ ಸುಮ್ಮನಾಯಿತು. ಕೆ.ಆರ್. ಪೇಟೆ ರಸ್ತೆಗೆ ಊರಾಚೆ ಹೆಂಡದಂಗಡಿ. ಅದರ ಪಕ್ಕದ ಹೊಂಗೆಮರದ ಕೆಳಗೆ ಮೂರು ಕಲ್ಲಿಟ್ಟಳು. ಕುಡಿಯುವವರಿಗೆ ನಂಜಿಕೊಳ್ಳಲು ಚಾಕಣ ಮಾಡಿ ಮುತ್ತುಗದ ಎಲೆಯಲ್ಲಿ ಕೊಡುವಳು. ಈಚಲಮರದಿಂದ ಹೆಂಡ ಇಳಿಸುತ್ತಿದ್ದವನು ದೇವಯ್ಯ. ಸೈಕಲ್ಲಿನ ಎರಡೂ ಕಡೆ ಮಡಕೆ ಕಟ್ಟಿಕೊಂಡು ಬರುತ್ತಿದ್ದ.

ಎಲ್ಲ ಚಾಕಣವೂ ಎಲ್ಲ ಹೆಂಡಕ್ಕೂ ಒಗ್ಗುವುದಿಲ್ಲ ಅನ್ನುವುದು ಅವಳ ಪಾಠ. ಬೆಳಿಗ್ಗೆ ಇಳಿಸಿದ್ದು ಎಳನೀರಿಗಿಂತ ಸಿಹಿ. ಅದಕ್ಕೆ ಕಣ್ಣಲ್ಲಿ ನೀರು ಬರುವಂಥ ಬೋಟಿ ಗೊಜ್ಜು, ಇಲ್ಲವೇ ಗದ್ದೆಯ ಏಡಿಯ ಸಾರು. ಹೊತ್ತೇರಿ ನೊರೆ ಕಟ್ಟಿದ ಮೇಲೆ ಹುರಿದ ಒಣಮೀನು, ಉಪ್ಪು ಹಾಕಿ ಬೇಯಿಸಿದ ಹುರುಳಿಕಾಳು. ಸಂಜೆಯ ಹೆಂಡ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಅದಕ್ಕೆ ಏನು ಕೊಟ್ಟರೂ ಅವಳಿಗೆ ಸಮಾಧಾನವಿರಲಿಲ್ಲ. ಖಾರ ಕೊಟ್ಟರೆ ಹೊಟ್ಟೆ ಉರಿ, ಹುಳಿ ಕೊಟ್ಟರೆ ಹುಳಿಯ ಮೇಲೆ ಹುಳಿ.

ಅಷ್ಟರಲ್ಲಿ ಅವಳ ಹಸು ಈಯಿತು. ಗಿಣ್ಣು ಬೇಯಿಸಿ, ಬೆಲ್ಲ ಹಾಕದೆ, ಒಸಿ ಉಪ್ಪು ಮೆಣಸು ಹಾಕಿ ಒಲೆಯ ಹತ್ತಿರ ತಿನ್ನುತ್ತಾ ಕೂತಿದ್ದಳು. ಗಾಡಿ ಹೊಡೆಯುವ ಜವರಪ್ಪ ಕೈ ಒಡ್ಡಿದ. ಒಂದು ತುಂಡು ಕೊಟ್ಟಳು. ಹುಳಿ ಹೆಂಡದ ಜೊತೆ ಅದನ್ನು ತಿಂದು ಆ ಮನುಷ್ಯ ಕಣ್ಣು ಮುಚ್ಚಿದವನು ತೆಗೆಯಲೇ ಇಲ್ಲ.

"ಏನ್ಲಾ, ಸತ್ತೋದಾ?" ಅಂದರು ಪಕ್ಕದವರು.

"ಸುಮ್ಕಿರಿ ಕಣ್ರಲಾ, ಸ್ವರ್ಗದ್ ಬಾಗ್ಲತಾವ ಅವ್ನಿ. ಬೆಟ್ಟಕ್ಕ, ಇದುನ್ನ ದಿನಾ ಮಾರು, ನಾನು ಎತ್ತು ಮಾರಾದ್ರೂ ತಗತೀನಿ."

ಆದರೆ ಗಿಣ್ಣು ಮಾರುವ ಪದಾರ್ಥವಲ್ಲ. ಕರುವಿನ ಪಾಲು ಅದು. ಅಕ್ಕಪಕ್ಕಕ್ಕೆ ಕೊಡಬೇಕೇ ಹೊರತು ಕಾಸಿಗೆ ಕೊಟ್ಟರೆ ಹಸು ಬತ್ತುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ. ಬೆಟ್ಟಮ್ಮ ಅದನ್ನು ಮೀರುವವಳಲ್ಲ. ಅವಳೇನು ಮಾಡಿದಳು ಅಂದರೆ, ಬರಿಯ ಹಾಲನ್ನು ಕುದಿಸಿ ಅದಕ್ಕೆ ಉಳಿದ ಹುಳಿ ಹೆಂಡವನ್ನೇ ಸುರಿದಳು. ಹಾಲು ಹತ್ತಿಯ ಹಾಗೆ ಒಡೆಯಿತು. ಬಟ್ಟೆಯಲ್ಲಿ ಕಟ್ಟಿ ಗುಂಡುಕಲ್ಲಿನ ಕೆಳಗಿಟ್ಟು, ಗಟ್ಟಿಯಾದ ಮೇಲೆ ಬಿಲ್ಲೆ ಕೊಯ್ದು, ಉಪ್ಪು ಮೆಣಸು ಸವರಿ ಕಾವಲಿಯ ಮೇಲೆ ಕೆಂಪಗೆ ಮಾಡಿದಳು. ನನಗೂ ಒಂದು ಬಿಲ್ಲೆ ಗೋಡೆಯ ಮೇಲೆ ಬಂತು. ಹೊರಗೆ ಗರಿಗರಿ, ಒಳಗೆ ಬೆಣ್ಣೆ, ಕಡೆಗೆ ಈಚಲ ವಾಸನೆ. ಹೆಂಡ ನಾಲಿಗೆಯನ್ನು ಕೆರೆದರೆ ಇದು ಸವರುತ್ತದೆ ಅನ್ನುತ್ತಿದ್ದಳು. ಅದಕ್ಕೆ ಒಡಕು ಅಂತ ಹೆಸರಾಯಿತು.

ಅವಳ ಅತ್ತೆ ಅಣ್ಣಮ್ಮನದು ಮಾತ್ರ ದಿನಾ ರಾಗ. "ಬೆಳ್ಳಗಿರೋ ಹಾಲ ಕೈಯಾರೆ ಒಡಿತೀಯಲ್ಲೇ, ಅದೂ ಹೆಂಡ ಉಯ್ದು! ಮನೆಗೆ ಒಳ್ಳೇದಾದದೇ?"

"ಹಾಲ್ ಒಡೀದೆ ಇದ್ದಾಗ್ಲೂ ನಿಮ್ಮಗ ಮರದಿಂದ ಬಿದ್ರಲ್ಲತ್ತೆ," ಅನ್ನುವಳು ಬೆಟ್ಟಮ್ಮ. ಅಲ್ಲಿಗೆ ಅವತ್ತಿನ ಮಾತು ಮುಗಿಯುವುದು.

ತೊಂಬತ್ನಾಲ್ಕನೇ ಇಸವಿಯಲ್ಲಿ ಅಂಗಡಿಯ ಕಂಟ್ರಾಕ್ಟು ನಾಗರಾಜು ಅನ್ನುವವನ ಕೈಗೆ ಬಂತು. ಬೇರೆ ಕಡೆಯವನು, ಬಿಳಿ ಪ್ಯಾಂಟಿನವನು. ಸ್ವಲ್ಪ ದಿನಕ್ಕೆ ದೇವಯ್ಯನ ಸೈಕಲ್ಲು ಬರುವುದು ನಿಂತು, ಟೆಂಪೋದಲ್ಲಿ ಪ್ಲಾಸ್ಟಿಕ್ ಡ್ರಮ್ಮು ಬರತೊಡಗಿತು. ಕುಡಿದವರು ಹಾಡುವುದು, ಜಗಳವಾಡುವುದು ಬಿಟ್ಟು ಎಲೆಯ ಮೇಲೇ ಮುಖವಿಟ್ಟು ಮಲಗತೊಡಗಿದರು. ಜವರಪ್ಪನೂ ಒಂದು ದಿನ ಒಡಕನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದ. "ಯಂಗಿತ್ತಣ್ಣ?" ಅಂತ ಎಬ್ಬಿಸಿ ಕೇಳಿದರೆ "ಏನು?" ಅಂದ. ಅವತ್ತೇ ಸಂಜೆ ಅವಳ ಹಾಲೂ ಒಡೆಯಲಿಲ್ಲ. ಸೌಟಿನ ಮೇಲೆ ಸೌಟು ಸುರಿದರೂ ಹಾಲು ತೆಳ್ಳಗಾಯಿತೇ ಹೊರತು ಮುರಿಯಲಿಲ್ಲ.

ಗೋಡೆಯ ಹತ್ತಿರ ಬಂದು ಅಂದಳು: "ಅದು ಹೆಂಡ ಅಲ್ಲ ಕಣ್ ಆಚಾರಮ್ಮ. ನೀರ್ಗೆ ಸಿಹಿ ಪುಡಿ, ಮತ್ತಿನ ಪುಡಿ ಕಲ್ಸವ್ರೆ. ಅದುಕ್ಕೆ ನಾನು ಚಾಕಣ ಮಾಡಾಕಿಲ್ಲ."

"ಮಾಡದಿದ್ದರೆ ಮನೆ ಹೆಂಗೆ ನಡೀತದೆ ಬೆಟ್ಟಮ್ಮ?" ಅಂದೆ. ಅವಳು ಕಾವಲಿಯನ್ನು ಬೂದಿ ಹಾಕಿ ತಿಕ್ಕುತ್ತಾ ನಿಂತಳು.

ಮಾರನೆಯ ಬೆಳಿಗ್ಗೆ ನಾನು ಪೇಟೆಗೆ ಹೋಗಲು ಅಂಗಡಿಯ ಎದುರಿಗೆ ಬಸ್ಸು ಕಾಯುತ್ತಿದ್ದೆ. ಬೆಟ್ಟಮ್ಮನ ಒಲೆಯ ಮೇಲೆ ಹಾಲು ಬಿಟ್ಟರೆ ಬೇರೇನೂ ಇಲ್ಲ. ಕುಡಿಯುವವರು ಸುತ್ತ ನಿಂತು "ಎಲ್ಲಕ್ಕ ಬೋಟಿ?" ಅನ್ನುತ್ತಿದ್ದಾರೆ.

"ಮೊದ್ಲು ಹಾಲು ಒಡೀಲಿ, ಆಮ್ಯಾಕೆ ಬೋಟಿ," ಅಂದಳು. ಡ್ರಮ್ಮಿನಿಂದ ಒಂದು ಚೊಂಬು ತರಿಸಿ ಎಲ್ಲರ ಕಣ್ಣೆದುರಿಗೇ ಸುರಿದಳು. ಹಾಲು ಹಾಲಾಗಿಯೇ ಇತ್ತು.

ನಾಗರಾಜು ಹೊರಗೆ ಬಂದು ನಕ್ಕ. "ಅಕ್ಕಯ್ಯ, ಇದು ವತ್ತಾರೆ ಇಳಿಸಿರೋ ಸಿಹಿ ಹೆಂಡ. ಇದ್ರಲ್ಲಿ ಹಾಲು ಎಲ್ಲಾರ ಒಡೆದದಾ? ನೀನೇ ಎಲ್ರಿಗೂ ಹೇಳ್ತಿದ್ದಂತಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಸುತ್ತಲಿದ್ದವರು ತಲೆಯಾಡಿಸಿ ಲೋಟ ಎತ್ತಿಕೊಂಡರು. ಬೆಟ್ಟಮ್ಮನ ಮುಖ ಒಂದು ಗಳಿಗೆ ಕೆಂಪಾಯಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ದಿಟ. ಅಂಗಾರೆ ಒಂದು ಮಡಕೆ ಇಲ್ಲೇ ಬಿಸ್ಲಲ್ಲಿ ಮಡುಗು. ದೇವಯ್ಯಂದೂ ಒಂದು ಪಕ್ಕದಲ್ಲೇ ಮಡುಗ್ತೀನಿ. ಹೊತ್ತು ತಿರುಗ್ಲಿ. ಹೆಂಡ ಆದ್ರೆ ಹುಳಿಯಾಯ್ತದೆ. ಅಲ್ಲೀಗಂಟ ನನ್ ಕೈಯಿಂದ ಯಾರ್ಗೂ ಎಲೆ ಇಲ್ಲ."

"ಅಲ್ಲೀಗಂಟ ಒಣ ಗಂಟ್ಲಾ?" ಅಂದ ಜವರಪ್ಪ.

"ನೀರ್ ಕುಡಿ. ನಿನ್ ಎತ್ತು ಅದನ್ನೇ ಕುಡಿದು ಗಾಡಿ ಎಳಿತಾವಲ್ಲ."

ಎಲ್ಲರೂ ನಕ್ಕರು. ನಕ್ಕ ಮೇಲೆ ಲೋಟ ಎತ್ತಲು ಯಾರಿಗೂ ಮನಸ್ಸು ಬರಲಿಲ್ಲ. ದೇವಯ್ಯನಿಗೆ ಹೇಳಿ ಕಳುಹಿಸಿದಳು, ಅವನು ಹೊಸಹೊಳಲಿಗೆ ಒಯ್ಯಲು ಅವತ್ತು ಇಳಿಸಿದ್ದ ಮಡಕೆ ತಂದ. ಎರಡನ್ನೂ ರಸ್ತೆಯ ಅಂಚಿನಲ್ಲಿ ಇಟ್ಟರು. ನನ್ನ ಬಸ್ಸು ಬಂತು, ನಾನು ಹತ್ತಲಿಲ್ಲ.

ಕುಡುಕರು ಕುಡಿಯದೆ ಸಾಲಾಗಿ ಕೂತಿದ್ದನ್ನು ನಾನು ನೋಡಿದ್ದು ಅದೊಂದೇ ದಿನ. ಒಬ್ಬ ಬೀಡಿ ಸೇದಿದ. ಒಬ್ಬ "ನಮ್ಮವ್ವನ ಹೆರಿಗೇಗೂ ನಮ್ಮಪ್ಪ ಇಷ್ಟೊತ್ತು ಕಾದಿರ್ನಿಲ್ಲ ಕಣ್ಲಾ" ಅಂದ. ನಾಗರಾಜು ಒಳಗೆ ಹೊರಗೆ ಓಡಾಡಿದ. ನಡುವೆ ಅಣ್ಣಮ್ಮ ಕೋಲೂರಿಕೊಂಡು ಬಂದು ಸೊಸೆಯ ಕಿವಿಯ ಹತ್ತಿರ "ಇರೋ ಜಾಗಾನೂ ಕಳ್ಕೊಂಡು ಮತ್ತೆ ಅವರ ಬಾಗ್ಲಿಗೇ ನಮ್ಮನ್ನ ನಿಲ್ಲಿಸ್ತೀಯೇನೇ?" ಅಂದಳು. ಬೆಟ್ಟಮ್ಮ ಮಡಕೆಯಿಂದ ಕಣ್ಣು ತೆಗೆಯಲಿಲ್ಲ.

ಹೊತ್ತು ತಿರುಗುವಷ್ಟರಲ್ಲಿ ದೇವಯ್ಯನ ಮಡಕೆ ಉಸಿರಾಡತೊಡಗಿತು. ನೊರೆ ಏರಿ ಕಂಠದಿಂದ ಇಳಿಯಿತು, ನೊಣ ಮುತ್ತಿತು. ನಾಗರಾಜುವಿನ ಮಡಕೆ ಬಾವಿಯ ನೀರಿನ ಹಾಗೆ ಸುಮ್ಮನೆ ಇತ್ತು. ನೊಣವೂ ಅತ್ತ ಹೋಗಲಿಲ್ಲ. ಬೆಟ್ಟಮ್ಮ ಹಾಲನ್ನು ಎರಡು ಪಾತ್ರೆಗೆ ಹಾಕಿ ಕುದಿಸಿದಳು. ದೇವಯ್ಯನದು ಬಿದ್ದ ತಕ್ಷಣ ಹಾಲು ಒಡೆದು ಗಟ್ಟಿ ಒಂದು ಕಡೆ, ಹಸಿರು ನೀರು ಒಂದು ಕಡೆಯಾಯಿತು. ಇನ್ನೊಂದಕ್ಕೆ ಜವರಪ್ಪನೇ ಸುರಿದ. ಚೊಂಬು ಖಾಲಿಯಾಯಿತು, ಹಾಲು ಒಡೆಯಲಿಲ್ಲ.

"ಥೂ," ಅಂದ ಜವರಪ್ಪ. ಕೈಯಲ್ಲಿದ್ದ ಚೊಂಬನ್ನು ಅಂಗಡಿಯ ಬಾಗಿಲಿಗೆ ಎಸೆದು ಗಾಡಿಯ ಕಡೆ ನಡೆದ. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ನಾಗರಾಜು ಒಲೆಯ ಮೂರು ಕಲ್ಲನ್ನೂ ಕಾಲಿಂದ ಒದ್ದು ಚರಂಡಿಗೆ ಕೆಡವಿದ. "ಇನ್ನು ಈ ಕಡೆ ತಲೆ ಹಾಕಬ್ಯಾಡ." ಬೆಟ್ಟಮ್ಮ ಚರಂಡಿಗಿಳಿದು ಬಿಸಿ ಕಲ್ಲುಗಳನ್ನು ಸೆರಗಿನಲ್ಲಿ ಹಿಡಿದು ರಸ್ತೆ ದಾಟಿ, ನಾನು ಕೂತಿದ್ದ ಬಸ್ ನಿಲ್ದಾಣದ ಮಗ್ಗುಲಲ್ಲಿ ಇಟ್ಟಳು. "ಇದು ನಿನ್ ಕಂಟ್ರಾಕ್ಟಿಗೆ ಸೇರಾಕಿಲ್ಲ ಕಣಪ್ಪ," ಅಂದಳು.

ಆಮೇಲಿನ ದಿನಗಳು ಕಷ್ಟದವು. ಬಸ್ಸಿನವರಿಗೆ ಹುರುಳಿಕಾಳು ಮಾರಿದರೆ ಎಷ್ಟು ಬಂದೀತು? ಮೂವರೂ ರಾಗಿ ಅಂಬಲಿ ಕುಡಿದರು. ಭಾವ ಒಂದು ದಿನ ಬಾಗಿಲಿಗೆ ಬಂದು "ಹಟ ಸಾಕು, ಮೊರ ತಗೊಂಡು ಬಾ" ಅಂದದ್ದು ನನಗೂ ಕೇಳಿಸಿತು. ಒಳಗಿನಿಂದ ಹೊನ್ನಪ್ಪನೇ ಉತ್ತರ ಕೊಟ್ಟ: "ನಮ್ಮನೇಲಿ ಮೊರ ಹರಿದೋಗ್ಯದೆ, ಹೋಗಣ್ಣ." ಬಿದ್ದ ಮೇಲೆ ಆ ಮನುಷ್ಯ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕುಡಿಯುವವರು ಬರುವರು, ರಸ್ತೆಯಾಚೆ ಬೆಟ್ಟಮ್ಮನ ಒಲೆ ನೋಡುವರು. ಹಾಲಿಟ್ಟಿಲ್ಲ ಅಂದರೆ ಸೈಕಲ್ಲು ತಿರುಗಿಸಿ ಹೊಸಹೊಳಲಿನ ಹೆಂಡದಂಗಡಿಯ ಕಡೆ ಹೋಗುವರು. ಅಂಗಡಿಯ ಬೆಂಚಿನ ಮೇಲೆ ನಾಯಿ ಮಲಗತೊಡಗಿತು.

ಕಡೆಗೊಂದು ದಿನ ಇಳಿಹೊತ್ತಿನಲ್ಲಿ ನಾಗರಾಜು ತಾನೇ ರಸ್ತೆ ದಾಟಿ ಬಂದ. ಹಿಂದೆ ದೇವಯ್ಯ, ತಲೆಯ ಮೇಲೆ ಮಡಕೆ.

"ಇವನ್ನ ಮತ್ತೆ ಕರ್ಕೊಂಡಿದೀನಿ ಅಕ್ಕಯ್ಯ. ಬಾ, ಒಲೆ ಅಲ್ಲಿಗೇ ಆಕು."

ಬೆಟ್ಟಮ್ಮ ಹಾಲು ಕುದಿಸಿ ಸೌಟನ್ನು ಅವನ ಕೈಗೇ ಕೊಟ್ಟಳು. ಬಿಳಿ ಪ್ಯಾಂಟು ಮಸಿಯಾಗದ ಹಾಗೆ ಬಗ್ಗಿ ಅವನು ಹೆಂಡ ಸುರಿದ. ಹಾಲು ಒಡೆಯಿತು. ಅವನ ಮುಖದಲ್ಲೂ ಮಗುವಿನ ಹಾಗೆ ನಗು ಬಂತು.

"ಈಗ ಸಮಾಧಾನ್ವಾ?"

"ಇವತ್ತಿಂದು ಆಯ್ತು," ಅಂದಳು ಬೆಟ್ಟಮ್ಮ, ಬಟ್ಟೆ ಕೊಡವಿ ಪಾತ್ರೆಯ ಬಾಯಿಗೆ ಕಟ್ಟುತ್ತಾ. "ನಾಳೆದು ನಾಳೆ ನೋಡವ. ದಿನಾ ಇದೇ ಹೊತ್ಗೆ ಬಂದು ನೀನೇ ಉಯ್ಬೇಕು, ಎಲ್ರ ಮುಂದೆ."

ಅವನು ಸೌಟು ಕೆಳಗಿಟ್ಟ. ಆಮೇಲೆ ಬಗ್ಗಿ ಒಲೆಯ ಒಂದು ಕಲ್ಲನ್ನು ತಾನೇ ಎತ್ತಲು ಹೋಗಿ, ಕೈ ಸುಟ್ಟುಕೊಂಡು, "ಅಯ್ಯಪ್ಪಾ" ಅಂತ ಬಿಟ್ಟ.

"ಆರ್ಲಿ ಬುಡ್ಲಾ," ಅಂದಳು ಬೆಟ್ಟಮ್ಮ. "ಮೊದ್ಲು ಒಡಕು ತಿಂದೋಗು."