ಪಶ್ಚಿಮದ ಗಾಜು

ಪಿರಿಯಾಪಟ್ಟಣದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟಿಸಲು ಒಂದು ಸಮಿತಿಯವರು ನನ್ನನ್ನು ಕರೆದರು. ವಾಸ್ತುಶಿಲ್ಪ ಓದಿ ಮುಗಿಸಿ ನಾನಾಗ ಹುಣಸೂರಿನಲ್ಲಿ ಹೊಸದಾಗಿ ಕಚೇರಿ ತೆರೆದಿದ್ದೆ. ಮೈಸೂರಿನಿಂದ ಒಂದು ಹಳೇ ಕಂಪ್ಯೂಟರ್ ತಂದಿದ್ದೆ. ಕಟ್ಟಡದ ಅಳತೆ, ಊರಿನ ಬಿಸಿಲು, ಗಾಳಿ ಹೇಳಿದರೆ ಒಳಗೆ ಎಷ್ಟು ಸೆಕೆಯಾಗುತ್ತದೆಂದು ಅದು ಲೆಕ್ಕ ಹಾಕುತ್ತಿತ್ತು.

ಕೆಲಸ ಸರಳ. ಪ್ರತಿ ಸಲ ಒಂದನ್ನು ಮಾತ್ರ ಬದಲಿಸಬೇಕು, ಮಿಕ್ಕಿದ್ದನ್ನು ಮುಟ್ಟಬಾರದು. ಕಿಟಕಿ ಚಿಕ್ಕದು ಮಾಡಿ ನೋಡು, ಸಜ್ಜಾ ಉದ್ದ ಮಾಡಿ ನೋಡು, ಗೋಡೆ ದಪ್ಪ ಮಾಡಿ ನೋಡು. ಯಾವುದರಿಂದ ಸೆಕೆ ಹೆಚ್ಚು ಇಳಿಯುತ್ತದೋ ಅದನ್ನು ಹಿಡಿ. ಆದರೆ ಲೆಕ್ಕ ಅರ್ಧಕ್ಕೆ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಎಷ್ಟು ಮಧ್ಯಾಹ್ನಗಳು ಹಾಗೆ ಹಾಳಾದವೋ!

ಕೊನೆಗೆ ಸಿಕ್ಕ ಉತ್ತರ ನನಗೇ ಅಚ್ಚರಿ. ನಾನೇ ಆಸೆಪಟ್ಟು ಬರೆದಿದ್ದ ದಪ್ಪ ಗೋಡೆಯಿಂದ ಹೇಳಿಕೊಳ್ಳುವ ಲಾಭವಿರಲಿಲ್ಲ. ಪಶ್ಚಿಮದ ಗಾಜು ಕಡಿಮೆ ಮಾಡಿ, ಅದಕ್ಕೊಂದು ಅಗಲವಾದ ಸಜ್ಜಾ ಕೊಟ್ಟರೆ ಕೋಣೆಗಳು ತಣ್ಣಗಿರುತ್ತಿದ್ದವು.

ಸಮಿತಿಯ ಅಧ್ಯಕ್ಷರು ಹೊಗೆಸೊಪ್ಪು ಬೆಳೆಯುವ ಹಿರಿಯರು. ಅವರ ಮುಂದೆ ಗ್ರಾಫುಗಳನ್ನು ಹರಡಿದೆ.

"ಇವೆಲ್ಲಾ ಇರ್ಲಿ ಕಣಮ್ಮ. ರೋಡಿರಾದೇ ಪಡುವಲ ಕಡೆ. ಮಡಿಕೇರಿ ಬಸ್ನೋರ್ಗೆಲ್ಲಾ ಗಾಜು ಕಾಣ್ಬೇಕು. ಸಜ್ಜಾ ಬಂದ್ರೆ ಮುಚ್ಚೋಯ್ತದೆ."

"ಸಂಜೆ ಬಿಸಿಲು ನೇರ ಮಂಚದ ಮೇಲೇ ಬೀಳುತ್ತೆ ಸಾರ್."

"ಫ್ಯಾನ್ ಆಕುದ್ರಾಯ್ತು ಬುಡು."

"ಕರೆಂಟಿದ್ರೆ ತಾನೇ ಸಾರ್?"

ಸಮಿತಿಯವರೆಲ್ಲ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ನನ್ನ ನಕ್ಷೆಯಲ್ಲಿ ಅವರು ಉಳಿಸಿಕೊಂಡದ್ದು ದಪ್ಪ ಗೋಡೆಯೊಂದನ್ನೇ. ಅದು ಬೇಡವೆಂದು ಬಾಯಿ ನೋಯುವಷ್ಟು ಹೇಳಿದೆ. "ಗೋಡೆ ಗಟ್ಟಿಯಾಗಿದ್ರೆ ಒಳ್ಳೇದಲ್ವೇನಮ್ಮ?" ಎಂದರು ಅಧ್ಯಕ್ಷರು.

ಹಾಸ್ಟೆಲ್ ತೆರೆದ ಮೇಲೆ ಬಂದ ಮೊದಲ ಬೇಸಿಗೆಯಲ್ಲಿ ನೋಡಲು ಹೋದೆ. ಗಾಜಿಗೆಲ್ಲ ಹುಡುಗಿಯರು ಹಳೇ ಪೇಪರ್ ಅಂಟಿಸಿದ್ದರು. ಒಳಗೆ ಕತ್ತಲೆ. ಹಾಡುಹಗಲೇ ಬಲ್ಬುಗಳು ಉರಿಯುತ್ತಿದ್ದವು.

"ಬಿಸ್ಲು ತಡಿಯಕ್ಕಾಗಕಿಲ್ಲ ಕಣವ್ವ, ಏನ್ಮಾಡವು ಐಕ್ಳು?" ಎಂದರು ಅಡುಗೆಯವರು.

ಸೀದಾ ಅಧ್ಯಕ್ಷರ ಮನೆಗೆ ಹೋಗಿ ಹೇಳಿದೆ. ಅವರು ತುಂಬ ಕಾಳಜಿಯಿಂದಲೇ ಕೇಳಿಸಿಕೊಂಡರು. ಆಮೇಲೆ, "ಯಾವ್ ಬಣ್ಣದ್ ಪೇಪರ್ ಅಂಟುಸುದ್ರೆ ತಣ್ಣಗಾಯ್ತದೆ ಅಂತ ನಿಮ್ ಕಂಪ್ಯೂಟರ್ನಾಗೆ ಒಸಿ ನೋಡಮ್ಮ," ಎಂದರು.

ಎದ್ದು ಬಂದು ಹುಣಸೂರು ಬಸ್ಸು ಹತ್ತಿದೆ.

ಸಮಿತಿಯವರು ಸಜ್ಜಾ ಹಾಕಿಸಿದ್ದು ಎಷ್ಟೋ ಕಾಲದ ಮೇಲೆ. ಅದೂ ಸೆಕೆಗಲ್ಲ, ಮಳೆ ನೀರು ಒಳಗೆ ಎರಚುತ್ತದೆಂದು.